ಮರದ ಮೈಮೇಲಿನ ಬರಹ: ಗ್ರಾಫಿಸ್ ಎಂಬ ಲೈಕೆನ್



ಪ್ರಥಮ ಪಿಯುಸಿ ಜೀವಶಾಸ್ತ್ರದ ‘ಜೈವಿಕ ವರ್ಗೀಕರಣ’ ಪಾಠದ ಕೊನೆಯಲ್ಲಿ ಲೈಕೆನ್‌ಗಳಿಗೆ ಸಿಕ್ಕಿರುವುದು ಒಂದು ಪುಟ್ಟ ಪ್ಯಾರಾ. ಲೈಕೆನ್ ಎಂದರೆ ಶಿಲೀಂಧ್ರ ಮತ್ತು ಪಾಚಿಯ ಸಹಜೀವನ. ಪಾಚಿ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಆಸರೆ ಕೊಟ್ಟು ನೀರು, ಲವಣ ಒದಗಿಸುತ್ತದೆ. ಮಲಿನ ಗಾಳಿಯಿರುವಲ್ಲಿ ಇವು ಬೆಳೆಯುವುದಿಲ್ಲ. ನೀಟ್ ತಯಾರಿ ನಡೆಸುವವರು ಫೈಕೋಬಯಾಂಟ್, ಮೈಕೋಬಯಾಂಟ್ ಎಂಬ ಎರಡು ಪದಗಳಿಗೆ ಅಡಿಗೆರೆ ಎಳೆದು ಮುಂದಿನ ಪಾಠಕ್ಕೆ ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು.

ಆದರೆ ಈ ಪಾಠ ಮುಗಿದ ಮೇಲೆ ಬಹುತೇಕ ಪ್ರತಿ ವರ್ಷ ಯಾರಾದರೊಬ್ಬರು ನನ್ನ ಬಳಿ ಬಂದು ಕೇಳುವ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. “ಮೇಡಂ, ಅಡಿಕೆ ಮರದಲ್ಲಿ ಬಿಳಿ ಬಿಳಿ ಕಲೆ ಇರುತ್ತದಲ್ಲ, ಅದು ರೋಗವಾ?” ಎಲೆಚುಕ್ಕಿ ರೋಗದ ಸುದ್ದಿ ದಿನಪತ್ರಿಕೆಯಲ್ಲಿ ಬರತೊಡಗಿದ ಮೇಲಂತೂ ಈ ಪ್ರಶ್ನೆಯಲ್ಲಿ ಆತಂಕವೂ ಸೇರಿಕೊಂಡಿದೆ. ತೋಟವೇ ಜೀವನಾಧಾರವಾಗಿರುವ ಮನೆಗಳ ಮಕ್ಕಳು ನಮ್ಮಲ್ಲಿ ಹಲವರಿದ್ದೀರಿ. ಹಾಗಾಗಿ ಆ ಬಿಳಿ ಕಲೆಗಳಲ್ಲಿ ಬಹಳ ಸಾಮಾನ್ಯವಾದ ಒಂದು ಜಾತಿಯನ್ನು ಆರಿಸಿಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಅದರ ಹೆಸರು ಗ್ರಾಫಿಸ್. ಈ ಒಂದನ್ನು ಸರಿಯಾಗಿ ತಿಳಿದುಕೊಂಡರೆ ಪಾಠದ ಆ ಪ್ಯಾರಾದ ಪ್ರತಿ ವಾಕ್ಯದ ಹಿಂದೆ ಏನಿದೆ ಎಂಬುದೂ ತಿಳಿಯುತ್ತದೆ.

ಲೈಕೆನ್‌ನ ಮೂರು ರೂಪಗಳು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕನ್ನಡದಲ್ಲಿ ಲೈಕೆನ್‌ಗೆ ಕಲ್ಲುಹೂವು ಎನ್ನುತ್ತೇವೆ. ಬಿರಿಯಾನಿ ಮಸಾಲೆಗೆ ಹಾಕುವ, ಒಂದು ಬದಿ ಬೂದಿ, ಇನ್ನೊಂದು ಬದಿ ಕಪ್ಪಾಗಿರುವ ಒಣ ಎಲೆಯಂಥ ವಸ್ತುವೂ ಕಲ್ಲುಹೂವೇ. ಹೆಸರಿನಲ್ಲಿ ಹೂವಿದ್ದರೂ ಅದು ಹೂವಲ್ಲ, ಸಸ್ಯವೂ ಅಲ್ಲ. ಅದು ಎಲೆಯಾಕಾರದ ಲೈಕೆನ್.

ಲೈಕೆನ್‌ಗಳನ್ನು ಹೊರನೋಟದ ಮೇಲೆ ಮುಖ್ಯವಾಗಿ ಮೂರು ಗುಂಪು ಮಾಡುತ್ತಾರೆ. ಮಸಾಲೆಯ ಕಲ್ಲುಹೂವಿನಂತೆ ಎಲೆಯಾಗಿ ಹರಡುವವು ಫೋಲಿಯೋಸ್. ಘಟ್ಟದ ಮೇಲಿನ ತಂಪು ಕಾಡುಗಳಲ್ಲಿ ಕೊಂಬೆಗಳಿಂದ ಗಡ್ಡದಂತೆ ಇಳಿಬೀಳುವ, ಪೊದೆಯಂತೆ ಕವಲೊಡೆಯುವ ಬಗೆ ಫ್ರುಟಿಕೋಸ್. ಮೂರನೆಯದು ಕ್ರಸ್ಟೋಸ್, ಅಂದರೆ ಹಕ್ಕಳೆಯಂತೆ ತೊಗಟೆಗೋ ಕಲ್ಲಿಗೋ ಅಂಟಿಕೊಂಡೇ ಬೆಳೆಯುವ ಬಗೆ. ಇದನ್ನು ಉಗುರಿನಿಂದ ಎಬ್ಬಿಸಿ ತೆಗೆಯಲಾಗದು. ತೊಗಟೆಯ ಚೂರೂ ಜೊತೆಗೆ ಬರುತ್ತದೆ. ಗ್ರಾಫಿಸ್ ಈ ಮೂರನೆಯ ಗುಂಪಿಗೆ ಸೇರಿದ್ದು. ಗಡ್ಡದ ಲೈಕೆನ್ ನೋಡಲು ಘಟ್ಟ ಹತ್ತಬೇಕು. ಹಕ್ಕಳೆ ಲೈಕೆನ್ ನೋಡಲು ತೋಟಕ್ಕೆ ಹೋದರೆ ಸಾಕು.

ಹೆಸರು ಬಂದ ಬಗೆ

ಗ್ರೀಕ್ ಭಾಷೆಯಲ್ಲಿ ಗ್ರಾಫಿಸ್ ಎಂದರೆ ಬರೆಯುವ ಕಡ್ಡಿ, ಕಂಠ. ಈ ಲೈಕೆನ್‌ನ ಬಿಳಿ ಅಥವಾ ಬೂದು ಹಾಸಿನ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳು ಇರುತ್ತವೆ. ಕೆಲವು ನೇರ, ಕೆಲವು ಬಾಗಿದವು, ಕೆಲವು ಕವಲೊಡೆದವು. ಯಾರೋ ಕಪ್ಪು ಶಾಯಿಯಲ್ಲಿ ಏನೋ ಗೀಚಿದಂತೆ ಕಾಣುತ್ತದೆ. ಕನ್ನಡ, ಇಂಗ್ಲಿಷ್, ಉರ್ದು, ಅರಬಿ ಎಂದು ನಾಲ್ಕು ಲಿಪಿ ನೋಡಿ ಬೆಳೆದ ನಮ್ಮ ಮಕ್ಕಳಿಗೂ ಇದು ಐದನೆಯದೊಂದು ಲಿಪಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಇಂಗ್ಲಿಷಿನಲ್ಲಿ ಇದನ್ನು ‘ಲಿಪಿ ಲೈಕೆನ್’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

1753ರಲ್ಲಿ ಕಾರ್ಲ್ ಲಿನೇಯಸ್ ತನ್ನ ‘ಸ್ಪೀಶೀಸ್ ಪ್ಲಾಂಟಾರಂ’ ಗ್ರಂಥದಲ್ಲಿ ಇಂಥದೊಂದು ಲೈಕೆನ್‌ಗೆ ‘ಲೈಕೆನ್ ಸ್ಕ್ರಿಪ್ಟಸ್’ ಎಂದು ಹೆಸರಿಟ್ಟ. ಆಗ ಎಲ್ಲ ಲೈಕೆನ್‌ಗಳನ್ನೂ ‘ಲೈಕೆನ್’ ಎಂಬ ಒಂದೇ ಜಾತಿಯಡಿ ಸೇರಿಸಲಾಗಿತ್ತು. 1763ರಲ್ಲಿ ಫ್ರಾನ್ಸಿನ ಮಿಷೆಲ್ ಅಡಾನ್ಸನ್ ಗ್ರಾಫಿಸ್ ಎಂಬ ಪ್ರತ್ಯೇಕ ಜಾತಿ ಮಾಡಿದ. ಲಿನೇಯಸ್‌ನ ಶಿಷ್ಯನಾಗಿದ್ದ ಸ್ವೀಡನ್ನಿನ ವೈದ್ಯ ಎರಿಕ್ ಅಕಾರಿಯಸ್ 1809ರಲ್ಲಿ ಲಿನೇಯಸ್‌ನ ಲೈಕೆನ್‌ಗೆ ‘ಗ್ರಾಫಿಸ್ ಸ್ಕ್ರಿಪ್ಟ’ ಎಂದು ಹೆಸರು ಕೊಟ್ಟ. ಇಂದಿಗೂ ಅದೇ ಹೆಸರು. ದ್ವಿನಾಮ ಪದ್ಧತಿ ಓದುವಾಗ ಜಾತಿ, ಪ್ರಭೇದ ಎಂಬ ಎರಡು ಮೆಟ್ಟಿಲು ಕಲಿತಿದ್ದೀರಲ್ಲ, ಅದು ಕೆಲಸ ಮಾಡುವ ರೀತಿಗೆ ಇದು ಒಳ್ಳೆಯ ಉದಾಹರಣೆ: ಪ್ರಭೇದದ ಪದ ಉಳಿಯಿತು, ಜಾತಿ ಬದಲಾಯಿತು.

ಒಂದು ವಿಷಯ ಗಮನಿಸಿ. ಗ್ರಾಫಿಸ್ ಸ್ಕ್ರಿಪ್ಟ ಯುರೋಪ್, ಉತ್ತರ ಅಮೆರಿಕದಂಥ ತಂಪು ನಾಡಿನದು. ಆದರೆ ಈ ಜಾತಿಯ ಹೆಚ್ಚಿನ ಪ್ರಭೇದಗಳು ಉಷ್ಣವಲಯದವು. ಗ್ರಾಫಿಸ್ ಸೇರಿರುವ ಗ್ರಾಫಿಡೇಸಿಯೆ ಕುಟುಂಬದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ; ಉಷ್ಣವಲಯದ ಹಕ್ಕಳೆ ಲೈಕೆನ್‌ಗಳಲ್ಲಿ ಅತಿ ದೊಡ್ಡ ಕುಟುಂಬ ಇದು. ಹೆಸರು ತಂಪು ನಾಡಿನಲ್ಲಿ ಹುಟ್ಟಿದರೂ ನಿಜವಾದ ಮನೆ ನಮ್ಮಂಥ ಮಳೆ ನಾಡು.

ಗುರುತಿನ ಲಕ್ಷಣಗಳು

ಗ್ರಾಫಿಸ್ ಅನ್ನು ಗುರುತಿಸಲು ಐದು ಲಕ್ಷಣಗಳನ್ನು ಕ್ರಮವಾಗಿ ನೋಡಬೇಕು. ಮೊದಲ ಎರಡಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಉಳಿದವಕ್ಕೆ ಪ್ರಯೋಗಾಲಯ ಬೇಕು.

1. ಥ್ಯಾಲಸ್, ಅಂದರೆ ಲೈಕೆನ್‌ನ ದೇಹ. ಇದು ತೊಗಟೆಗೆ ಬಳಿದಂತೆ ತೆಳುವಾಗಿರುತ್ತದೆ. ಬಣ್ಣ ಬಿಳಿ, ಬೂದು ಅಥವಾ ಹಸಿರು ಮಿಶ್ರಿತ ಬೂದು. ಬೇರು, ಕಾಂಡ, ಎಲೆ ಯಾವುದೂ ಇಲ್ಲ. ಒಣಗಿದಾಗ ಬಿಳಿಚಿಕೊಂಡಿರುವ ಹಾಸಿಗೆ ನೀರು ಚಿಮುಕಿಸಿದರೆ ಹಸಿರು ಛಾಯೆ ಮೂಡುತ್ತದೆ. ಮೇಲ್ಪದರ ನೀರು ಕುಡಿದು ಪಾರದರ್ಶಕವಾದಾಗ ಒಳಗಿನ ಪಾಚಿಯ ಪದರ ಕಾಣುವುದೇ ಇದಕ್ಕೆ ಕಾರಣ.

2. ಲಿರೆಲ್ಲ, ಅಂದರೆ ಆ ಕಪ್ಪು ಗೆರೆ. ಇದು ಶಿಲೀಂಧ್ರದ ಫಲಕಾಯ. ಬೇರೆ ಅನೇಕ ಲೈಕೆನ್‌ಗಳಲ್ಲಿ ಫಲಕಾಯ ಬಟ್ಟಲಿನಂತೆ ದುಂಡಗಿರುತ್ತದೆ; ಅದನ್ನು ಅಪೋಥೀಸಿಯಂ ಎಂದು ಓದಿದ್ದೀರಿ. ಅದೇ ಬಟ್ಟಲನ್ನು ಎರಡು ಬದಿಯಿಂದ ಒತ್ತಿ ಉದ್ದಕ್ಕೆ ಎಳೆದಂತೆ ಊಹಿಸಿಕೊಳ್ಳಿ, ಲಿರೆಲ್ಲ ಸಿಗುತ್ತದೆ. ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಉದ್ದ, ಅಗಲ ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಮಧ್ಯದಲ್ಲಿ ಸೀಳು, ಅದರ ಎರಡೂ ಕಡೆ ತುಟಿಗಳು. ಕೆಲವು ಪ್ರಭೇದಗಳಲ್ಲಿ ತುಟಿ ನುಣುಪಾಗಿರುತ್ತದೆ, ಕೆಲವುಗಳಲ್ಲಿ ಉದ್ದಕ್ಕೂ ಗೀರುಗಳಿರುತ್ತವೆ.

3. ಎಕ್ಸಿಪಲ್, ಅಂದರೆ ಲಿರೆಲ್ಲದ ಗೋಡೆ. ಬ್ಲೇಡಿನಿಂದ ಅಡ್ಡಕ್ಕೆ ತೆಳುವಾದ ಸೀಳಿಕೆ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಗೋಡೆ ಇದ್ದಿಲಿನಂತೆ ಕಪ್ಪಾಗಿ ಕಾಣುತ್ತದೆ. ಕೆಲವು ಪ್ರಭೇದಗಳಲ್ಲಿ ತುದಿ ಮಾತ್ರ ಕಪ್ಪು, ಕೆಲವುಗಳಲ್ಲಿ ಪಕ್ಕಗಳೂ, ಇನ್ನು ಕೆಲವುಗಳಲ್ಲಿ ತಳವೂ ಸೇರಿ ಇಡೀ ಗೋಡೆ ಕಪ್ಪು. ಪ್ರಭೇದ ಗುರುತಿಸಲು ಇದು ಬಹಳ ಮುಖ್ಯ.

4. ಬೀಜಕಗಳು. ಗೋಡೆಯ ಒಳಗೆ ಆಸ್ಕಸ್ ಎಂಬ ಚೀಲಗಳಿರುತ್ತವೆ. ಪ್ರತಿ ಚೀಲದಲ್ಲಿ ಸಾಮಾನ್ಯವಾಗಿ ಎಂಟು ಬೀಜಕಗಳು. ಗ್ರಾಫಿಸ್ ಆಸ್ಕೋಮೈಸೀಟ್ಸ್ ಗುಂಪಿನದು ಎನ್ನಲು ಇದೇ ಆಧಾರ. ಬೀಜಕ ಬಣ್ಣವಿಲ್ಲದ್ದು, ಉದ್ದನೆಯದು, ಒಳಗೆ ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ಭಾಗವಾಗಿರುತ್ತದೆ. ಪ್ರತಿ ಕೋಣೆ ಮಸೂರದ ಆಕಾರದ್ದು. ಅಯೋಡಿನ್ ದ್ರಾವಣ ಹಾಕಿದಾಗ ಬೀಜಕ ನೀಲಿ-ನೇರಳೆ ಬಣ್ಣಕ್ಕೆ ತಿರುಗುತ್ತದೆ.

5. ರಾಸಾಯನಿಕ ಗುಣ. ಲೈಕೆನ್‌ಗಳು ತಮ್ಮದೇ ಆದ ಆಮ್ಲಗಳನ್ನು ತಯಾರಿಸುತ್ತವೆ. ಗ್ರಾಫಿಸ್‌ನ ಹಲವು ಪ್ರಭೇದಗಳಲ್ಲಿ ನಾರ್‌ಸ್ಟಿಕ್ಟಿಕ್ ಆಮ್ಲ ಇರುತ್ತದೆ. ಇದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟರೆ ಮೊದಲು ಹಳದಿ, ಸ್ವಲ್ಪ ಹೊತ್ತಿನಲ್ಲಿ ಕೆಂಪು. ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಕೆಂಪು ಹರಳುಗಳು ಕಾಣುತ್ತವೆ. ಈ ಬಗೆಯ ಬಣ್ಣದ ಪರೀಕ್ಷೆಗಳನ್ನು ಲೈಕೆನ್ ಅಧ್ಯಯನಕ್ಕೆ ತಂದವನು ಫಿನ್ಲೆಂಡಿನ ವಿಲಿಯಂ ನೈಲಾಂಡರ್, 1866ರಲ್ಲಿ. ರಸಾಯನಶಾಸ್ತ್ರ ಬೇರೆ, ಜೀವಶಾಸ್ತ್ರ ಬೇರೆ ಎಂದುಕೊಳ್ಳುವವರು ಇದನ್ನು ನೆನಪಿಡಿ.

ಒಳಗಿರುವ ಪಾಲುದಾರ

ಗ್ರಾಫಿಸ್‌ನ ಒಳಗಿರುವ ಪಾಚಿಯ ಹೆಸರು ಟ್ರೆಂಟಿಪೋಲಿಯ. ವರ್ಗೀಕರಣದಲ್ಲಿ ಇದು ಹಸಿರು ಪಾಚಿ. ಕಡಲ ಬಂಡೆಗಳ ಮೇಲೆ ಬೆಳೆಯುವ ಉಲ್ವ ಇದರ ದೂರದ ಬಂಧು. ಆದರೆ ಟ್ರೆಂಟಿಪೋಲಿಯ ಕಣ್ಣಿಗೆ ಹಸಿರಾಗಿ ಕಾಣುವುದಿಲ್ಲ. ಜೀವಕೋಶಗಳಲ್ಲಿ ಕೆರೋಟಿನಾಯ್ಡ್ ವರ್ಣಕ ತುಂಬಿಕೊಂಡು ಹರಿತ್ತನ್ನು ಮರೆಮಾಡುವುದರಿಂದ ಕಿತ್ತಳೆ ಬಣ್ಣ ಬರುತ್ತದೆ. ಮಳೆಗಾಲದಲ್ಲಿ ತೆಂಗಿನ ಮರದ ಮೇಲೆ, ಹಳೆ ಗೋಡೆಗಳ ಮೇಲೆ ಇಟ್ಟಿಗೆ ಬಣ್ಣದ ಮಖಮಲ್ಲಿನಂತೆ ಹರಡುವುದನ್ನು ನೋಡಿರುತ್ತೀರಿ. ಅದು ಹೆಚ್ಚಾಗಿ ಒಂಟಿಯಾಗಿ ಬೆಳೆದ ಟ್ರೆಂಟಿಪೋಲಿಯ. ಗ್ರಾಫಿಸ್ ಹಾಸನ್ನು ಉಗುರಿನಿಂದ ತುಸು ಗೀರಿದರೆ ಒಳಗೆ ಹಳದಿ-ಕಿತ್ತಳೆ ಬಣ್ಣ ಕಾಣುವುದು ಇದೇ ಪಾಚಿಯಿಂದ.

2001ರ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೇರಳದ ಕೊಟ್ಟಾಯಂ, ಇಡುಕ್ಕಿ ಕಡೆ ಕೆಂಪು ಮಳೆ ಬಿದ್ದದ್ದು ದೊಡ್ಡ ಸುದ್ದಿಯಾಗಿತ್ತು. ಉಲ್ಕೆ ಸಿಡಿದ ಧೂಳು ಎಂದರು, ಬೇರೆ ಲೋಕದ ಜೀವಕೋಶ ಎಂದರು. ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಮತ್ತು ಪಾಲೋಡಿನ ಉಷ್ಣವಲಯದ ಸಸ್ಯೋದ್ಯಾನ ಸಂಸ್ಥೆ ಜಂಟಿಯಾಗಿ ಪರೀಕ್ಷಿಸಿ, ಮಳೆನೀರಿನಲ್ಲಿದ್ದದ್ದು ಟ್ರೆಂಟಿಪೋಲಿಯದ ಬೀಜಕಗಳು, ಆ ಪ್ರದೇಶದ ಮರ, ಬಂಡೆಗಳ ಮೇಲೆ ಈ ಪಾಚಿ ಹೇರಳವಾಗಿದೆ ಎಂದು ವರದಿ ಕೊಟ್ಟವು. ಆಕಾಶಕ್ಕೆ ಸಂಬಂಧಿಸಿದ್ದು ಎಂದುಕೊಂಡದ್ದರ ಉತ್ತರ ಮರದ ತೊಗಟೆಯಲ್ಲಿತ್ತು.

ಈ ಪಾಚಿ ಬೆಳಕಿನಿಂದ ತಯಾರಿಸಿದ ಆಹಾರದಲ್ಲಿ ಒಂದು ಪಾಲನ್ನು ಎರಿಥ್ರಿಟಾಲ್ ಎಂಬ ಸಕ್ಕರೆ ಮದ್ಯಸಾರದ ರೂಪದಲ್ಲಿ ಶಿಲೀಂಧ್ರಕ್ಕೆ ಕೊಡುತ್ತದೆ. ಶಿಲೀಂಧ್ರ ಬಿಸಿಲು, ಒಣಗುವಿಕೆಗಳಿಂದ ಪಾಚಿಯನ್ನು ಕಾಯುತ್ತದೆ. ಈ ಇಬ್ಬರ ಸಂಸಾರ ಇದೆ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಹೇಳಿದಾಗ ಆ ಕಾಲದ ದೊಡ್ಡ ಲೈಕೆನ್ ತಜ್ಞರೇ ಒಪ್ಪಲಿಲ್ಲ. ಮೇಲೆ ಹೇಳಿದ ನೈಲಾಂಡರ್ ಕೂಡ ವಿರೋಧಿಸಿದವರಲ್ಲಿ ಒಬ್ಬ. ಇಂದು ನಿಮ್ಮ ಪುಸ್ತಕದಲ್ಲಿ ಒಂದು ಸಾಲಾಗಿರುವ ಮಾತು ಒಂದು ಕಾಲಕ್ಕೆ ಜಗಳದ ವಿಷಯವಾಗಿತ್ತು.

ಪ್ರತಿ ತಲೆಮಾರಿಗೂ ಹೊಸ ಪಾಲುದಾರಿಕೆ

ಈಗ ನಾನು ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಮರದ ಮೇಲಿನ ಆ ಕಪ್ಪು ಗೆರೆ ಯಾರದ್ದು? ಲೈಕೆನ್‌ನದ್ದು ಎನ್ನುತ್ತೇವೆ. ಸರಿಯಾಗಿ ಹೇಳಬೇಕಾದರೆ ಅದು ಶಿಲೀಂಧ್ರ ಒಂದರದ್ದೇ. ಲಿರೆಲ್ಲದಿಂದ ಹೊರಬೀಳುವ ಬೀಜಕದಲ್ಲಿ ಪಾಚಿ ಇರುವುದಿಲ್ಲ. ಮಳೆಯಲ್ಲಿ ನೆನೆದು ಉಬ್ಬಿದ ಚೀಲಗಳಿಂದ ಬೀಜಕಗಳು ಸೀಳಿನ ಮೂಲಕ ಹೊರಚಿಮ್ಮಿ ಗಾಳಿಯಲ್ಲಿ ತೇಲುತ್ತವೆ. ಪ್ರತಿಯೊಂದೂ ಬರಿಗೈಯಲ್ಲಿ ಹೊರಟ ಪ್ರಯಾಣಿಕ. ಅದು ಸರಿಯಾದ ತೊಗಟೆಯ ಮೇಲೆ ಬೀಳಬೇಕು, ತೇವ ಸಿಗಬೇಕು, ಮೊಳೆಯಬೇಕು, ಆಮೇಲೆ ತನಗೆ ಒಗ್ಗುವ ಟ್ರೆಂಟಿಪೋಲಿಯವನ್ನು ಮುಟ್ಟಬೇಕು. ಪಾಚಿ ಸಿಗದಿದ್ದರೆ ಆ ಶಿಲೀಂಧ್ರದ ಕಥೆ ಅಲ್ಲಿಗೇ ಮುಗಿಯಿತು. ಟ್ರೆಂಟಿಪೋಲಿಯ ಒಂಟಿಯಾಗಿಯೂ ಬದುಕಬಲ್ಲದು. ಗ್ರಾಫಿಸ್‌ನ ಶಿಲೀಂಧ್ರ ಪ್ರಕೃತಿಯಲ್ಲಿ ಪಾಚಿಯಿಲ್ಲದೆ ಬಾಳಲಾರದು.

ಕೆಲವು ಲೈಕೆನ್‌ಗಳು ಪಾಚಿ, ಶಿಲೀಂಧ್ರ ಎರಡೂ ಇರುವ ಪುಡಿಯಂಥ ಕಣಗಳನ್ನು ಉದುರಿಸಿ ಹರಡುತ್ತವೆ. ಅವನ್ನು ಸೊರೀಡಿಯ ಎನ್ನುತ್ತಾರೆ. ಇದು ಬುತ್ತಿ ಕಟ್ಟಿಕೊಂಡು ಹೊರಟಂತೆ. ಗ್ರಾಫಿಸ್‌ನ ಹೆಚ್ಚಿನ ಪ್ರಭೇದಗಳಲ್ಲಿ ಈ ವ್ಯವಸ್ಥೆ ಇಲ್ಲ. ಅವು ಬೀಜಕವನ್ನೇ ನೆಚ್ಚಿಕೊಂಡಿವೆ. ಹಾಗಾಗಿ ಸಹಜೀವನ ಎಂಬ ಪದವನ್ನು ಒಮ್ಮೆ ಆಗಿ ಮುಗಿದ ಒಪ್ಪಂದ ಎಂದು ತಿಳಿಯಬೇಡಿ. ಬೀಜಕದಿಂದ ಹುಟ್ಟುವ ಪ್ರತಿ ಗ್ರಾಫಿಸ್ ಹಾಸಿನಲ್ಲೂ ಆ ಒಪ್ಪಂದ ಹೊಸದಾಗಿ ಆಗಬೇಕು. ಅಂಗೈ ಅಗಲದ ಒಂದು ಬಿಳಿ ಹಾಸು ಮರದ ಮೇಲಿದೆ ಎಂದರೆ, ಎಷ್ಟೋ ಬೀಜಕಗಳು ವ್ಯರ್ಥವಾದ ಮೇಲೆ ಒಂದು ತನ್ನ ಪಾಲುದಾರನನ್ನು ಕಂಡುಕೊಂಡಿತು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯಿತು ಎಂದರ್ಥ.

ಮರಕ್ಕೆ ತೊಂದರೆಯೇ?

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ತೋಟದ ವಿಷಯ ಹೇಳಿದಳು. “ಮೇಡಂ, ಅಬ್ಬ ಕೆಲಸದವರನ್ನು ಕರೆಸಿ ಎಲ್ಲ ಮರಗಳ ಬಿಳಿ ಕಲೆಯನ್ನು ಕತ್ತಿಯಿಂದ ಕೆರೆಸಬೇಕು ಎನ್ನುತ್ತಿದ್ದಾರೆ. ಎರಡು ಸಾಲು ಆಗಿಯೂ ಆಯಿತು.” ಆ ದಿನ ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಗ್ರಾಫಿಸ್ ಮರದಿಂದ ಆಹಾರ ಪಡೆಯುವುದಿಲ್ಲ. ಅದರ ಆಹಾರ ಒಳಗಿನ ಪಾಚಿಯಲ್ಲೇ ತಯಾರಾಗುತ್ತದೆ. ನೀರು ಮಳೆ, ಇಬ್ಬನಿ, ತೇವದ ಗಾಳಿಯಿಂದ ಬರುತ್ತದೆ. ಅದರ ಎಳೆಗಳು ತೊಗಟೆಯ ಹೊರಗಿನ ಸತ್ತ ಪದರದಲ್ಲಿ ಹರಡಬಹುದು. ಆದರೆ ನೀರು, ಆಹಾರ ಸಾಗುವ ಕ್ಸೈಲಂ, ಫ್ಲೋಯಂವರೆಗೆ ಇಳಿದು ಹೀರುವುದಿಲ್ಲ. ಹಾಗಾಗಿ ಇದು ಪರಾವಲಂಬಿ ಅಲ್ಲ, ಅಪ್ಪುಗಿಡದಂತೆ ಆಸರೆ ಮಾತ್ರ ಪಡೆದದ್ದು. ಅಡಿಕೆ ಮರದ ತುದಿಯ ಎಳೆಯ ಹಸಿರು ಕಾಂಡದಲ್ಲಿ ಕಲೆ ಇರದೆ, ಕೆಳಗಿನ ಹಳೆಯ ಭಾಗದಲ್ಲಿ ಹೆಚ್ಚು ಇರುವುದನ್ನು ಗಮನಿಸಿ. ಹಳೆಯ ಮೇಲ್ಮೈಗೆ ಲೈಕೆನ್ ನೆಲೆಸಲು ಹೆಚ್ಚು ವರ್ಷ ಸಿಕ್ಕಿದೆ, ಅಷ್ಟೇ.

ರೋಗಗಳ ಜಾಗವೇ ಬೇರೆ. ಕೊಳೆರೋಗ ಮಳೆಗಾಲದಲ್ಲಿ ಎಳೆಯ ಅಡಿಕೆಗೆ ತಗುಲಿ ಉದುರಿಸುತ್ತದೆ. ಎಲೆಚುಕ್ಕಿ ರೋಗ ಸೋಗೆಗೆ ಬರುತ್ತದೆ. ಕಾಂಡದ ಮೇಲೆ ಒಣ ಬಿಳಿ ಹಾಸು, ಅದರಲ್ಲಿ ಕಪ್ಪು ಗೆರೆ ಇದ್ದರೆ ಅದು ಈ ಎರಡೂ ಅಲ್ಲ. ಕಾಂಡದಿಂದ ರಸ ಸೋರುತ್ತಿದ್ದರೆ, ಮೆತ್ತಗಾಗಿದ್ದರೆ, ಸೀಳಿದ್ದರೆ ಆಗ ಕೃಷಿ ಅಧಿಕಾರಿಗಳನ್ನು ಕೇಳಬೇಕು. ಮರದ ಮೇಲೆ ಬೆಳೆಯುವುದೆಲ್ಲ ನಿರಪಾಯ ಎಂದೂ ನಾನು ಹೇಳುತ್ತಿಲ್ಲ. ಟ್ರೆಂಟಿಪೋಲಿಯದ ಹತ್ತಿರದ ಸಂಬಂಧಿ ಸೆಫಾಲ್ಯೂರಸ್ ಎಂಬ ಪಾಚಿ ಚಹಾ, ಮಾವು, ಪೇರಳೆ ಗಿಡಗಳಲ್ಲಿ ಕೆಂಪು ತುಕ್ಕು ರೋಗ ತರುತ್ತದೆ. ಗುರುತಿಸಲು ಕಲಿಯಬೇಕು ಎನ್ನುವುದು ಇದಕ್ಕೇ.

ಇನ್ನು ಕತ್ತಿಯ ವಿಷಯ. ಪ್ರಥಮ ಪಿಯುಸಿಯಲ್ಲೇ ಓದಿದ್ದೀರಿ: ಏಕದಳ ಕಾಂಡದಲ್ಲಿ ಕ್ಯಾಂಬಿಯಂ ಇರುವುದಿಲ್ಲ. ಮಾವಿನ ಮರಕ್ಕೆ ಗಾಯವಾದರೆ ಅಂಚಿನಿಂದ ಹೊಸ ಅಂಗಾಂಶ ಬೆಳೆದು ಕ್ರಮೇಣ ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗಿಗೆ ಆ ಶಕ್ತಿ ಇಲ್ಲ. ಕಾಂಡಕ್ಕೆ ಆಳವಾಗಿ ಬಿದ್ದ ಗಾಯ ಮರ ಬದುಕಿರುವಷ್ಟು ಕಾಲ ಹಾಗೆಯೇ ಉಳಿಯುತ್ತದೆ, ಕೀಟ, ರೋಗಾಣುಗಳಿಗೆ ಬಾಗಿಲಾಗುತ್ತದೆ. ತೊಂದರೆ ಕೊಡದ ಲೈಕೆನ್ ತೆಗೆಯಲು ಹೋಗಿ ವಾಸಿಯಾಗದ ಗಾಯ ಮಾಡಿದಂತಾಗುತ್ತದೆ. ಮೇಲಾಗಿ ಆಳುಗಳ ಸಂಬಳವೂ ದಂಡ. ಆ ವಿದ್ಯಾರ್ಥಿನಿ ಈ ಕ್ಯಾಂಬಿಯಂ ಪಾಠವನ್ನು ಮನೆಯಲ್ಲಿ ಹೇಳಿದಳು. ಮೂರನೆಯ ಸಾಲಿಗೆ ಕತ್ತಿ ಹೋಗಲಿಲ್ಲ. ತರಗತಿಯ ಪಾಠ ತೋಟಕ್ಕೆ ಉಪಯೋಗವಾದದ್ದು ನನಗೆ ಸಂತೋಷ ಕೊಟ್ಟ ವಿಷಯ.

ಕಣ್ಣಿಗೆ ಕಂಡದ್ದೇ ಸಂಬಂಧವಲ್ಲ

ವರ್ಗೀಕರಣ ಎಂದರೆ ಬಾಯಿಪಾಠ ಮಾಡುವ ಪಟ್ಟಿ ಎಂದು ಹಲವರ ಭಾವನೆ. ಗ್ರಾಫಿಸ್‌ನ ಇತಿಹಾಸ ಬೇರೆಯೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನೆಸ್ ಮ್ಯುಲ್ಲರ್ ಬೀಜಕಗಳನ್ನು ಮಾತ್ರ ನೋಡಿ ಒಂದು ಸರಳ ವಿಂಗಡಣೆಯನ್ನು ರೂಢಿಗೆ ತಂದ. ಬಣ್ಣವಿಲ್ಲದ, ಅಡ್ಡಗೋಡೆ ಮಾತ್ರ ಇರುವ ಬೀಜಕವಾದರೆ ಗ್ರಾಫಿಸ್. ಬಣ್ಣವಿಲ್ಲದ, ಇಟ್ಟಿಗೆ ಗೋಡೆಯಂತೆ ಅಡ್ಡ-ಉದ್ದ ಎರಡೂ ಗೋಡೆ ಇರುವುದಾದರೆ ಗ್ರಾಫಿನ. ಕಂದು ಬಣ್ಣದ್ದಾದರೆ ಇದೇ ಕ್ರಮದಲ್ಲಿ ಫಿಯೋಗ್ರಾಫಿಸ್, ಫಿಯೋಗ್ರಾಫಿನ. ನಾಲ್ಕು ಪೆಟ್ಟಿಗೆ, ಎರಡು ಪ್ರಶ್ನೆ. ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಇದನ್ನೇ ಬಳಸಿದರು.

2002ರಲ್ಲಿ ಜರ್ಮನಿಯ ಬೆಟ್ಟಿನ ಸ್ಟೈಗರ್ ಇಡೀ ಕುಟುಂಬವನ್ನು ಪರಿಷ್ಕರಿಸಿ, ಗೋಡೆಯ ರಚನೆ, ಆಸ್ಕಸ್ಸಿನ ಸುತ್ತಲಿನ ಅಂಗಾಂಶ, ಬೀಜಕದ ರಚನೆ, ರಾಸಾಯನಿಕ ಗುಣ ಎಲ್ಲವನ್ನೂ ಸೇರಿಸಿ ನೋಡಬೇಕೆಂದು ತೋರಿಸಿದರು. ಗ್ರಾಫಿನದಲ್ಲಿದ್ದ ಅನೇಕ ಪ್ರಭೇದಗಳು ಗ್ರಾಫಿಸ್‌ಗೆ ಬಂದವು. 2009ರಲ್ಲಿ ರಾಬರ್ಟ್ ಲ್ಯೂಕಿಂಗ್ ಮತ್ತು ಸಂಗಡಿಗರು ಜಗತ್ತಿನ ಗ್ರಾಫಿಸ್‌ಗಳಿಗೆಲ್ಲ ಒಂದು ಕೀಲಿ ಪ್ರಕಟಿಸಿದರು. ಅದರಲ್ಲಿ 330 ಪ್ರಭೇದಗಳಿದ್ದವು. ಆಮೇಲೆ ಡಿಎನ್ಎ ಪರೀಕ್ಷೆ ಬಂತು. ಗ್ರಾಫಿಸ್ ಎಂದುಕೊಂಡಿದ್ದ ಗುಂಪಿನಲ್ಲಿ ಎರಡು ಬೇರೆ ಬೇರೆ ವಂಶಗಳಿವೆ ಎಂದು ಕಂಡುಬಂದು, 2018ರಲ್ಲಿ ಹಲವು ಪ್ರಭೇದಗಳನ್ನು ಅಲ್ಲೋಗ್ರಾಫ ಎಂಬ ಜಾತಿಗೆ ಸೇರಿಸಲಾಯಿತು. ನೋಡಲು ಒಂದೇ ಬಗೆಯ ಕಪ್ಪು ಗೆರೆ, ಆದರೆ ಒಂದೇ ಮನೆತನವಲ್ಲ.

ಈ ಕೆಲಸ ಮುಗಿದಿಲ್ಲ. 2014ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಈ ಒಂದೇ ಕುಟುಂಬದ 175 ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿದರು. ನಮ್ಮ ದೇಶದಲ್ಲಿ ಲಕ್ನೋದ ಡಿ. ಡಿ. ಅವಸ್ಥಿಯವರು ಲೈಕೆನ್ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದರು. 1991ರಲ್ಲಿ ಅವರು ಪ್ರಕಟಿಸಿದ, ಭಾರತ, ನೇಪಾಳ, ಶ್ರೀಲಂಕಾದ ಸೂಕ್ಷ್ಮ ಲೈಕೆನ್‌ಗಳ ಕೀಲಿಯನ್ನು ಇಂದಿಗೂ ಬಳಸುತ್ತಾರೆ. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಘಟ್ಟಗಳ ಗ್ರಾಫಿಡೇಸಿಯೆ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಎಂಬಿಬಿಎಸ್, ಎಂಜಿನಿಯರಿಂಗ್ ಬಿಟ್ಟರೆ ಬೇರೇನಿದೆ ಎಂದು ಕೇಳುವವರಿಗೆ ಹೇಳುತ್ತೇನೆ, ಇದೂ ಒಂದು ದಾರಿ. ಘಟ್ಟದ ಕೆಳಗೇ ಇರುವ ನಮಗೆ ಅಧ್ಯಯನದ ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮಾಲಿನ್ಯದ ವಾಕ್ಯವನ್ನು ಎಚ್ಚರದಿಂದ ಓದಿ

ಲೈಕೆನ್ ಮಾಲಿನ್ಯದ ಸೂಚಕ ಎಂಬ ಮಾತಿನ ಹಿಂದೆ ಗಟ್ಟಿಯಾದ ಆಧಾರವಿದೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಲೈಕೆನ್‌ಗಳ ಬಗ್ಗೆ ಬರೆಯುತ್ತ ನೈಲಾಂಡರ್ 1866ರಲ್ಲೇ, ಇವು ಗಾಳಿಯ ಶುದ್ಧತೆಯನ್ನು ಅಳೆಯಬಲ್ಲವು ಎಂದಿದ್ದ. ಲೈಕೆನ್‌ಗೆ ಬೇರಿಲ್ಲ, ಎಲೆಗಳಲ್ಲಿರುವಂಥ ಮೇಣದ ಹೊದಿಕೆಯೂ ಇಲ್ಲ. ಗಾಳಿ, ಮಳೆಯಲ್ಲಿ ಬಂದದ್ದನ್ನು ಇಡೀ ಮೈಯಿಂದ ಹೀರುತ್ತದೆ. ಗಂಧಕದ ಡೈಆಕ್ಸೈಡ್ ಬಂದರೆ ಅದೂ ಒಳಗೆ ಹೋಗಿ ಪಾಚಿಯ ಹರಿತ್ತನ್ನು ಕೆಡಿಸುತ್ತದೆ.

ಆದರೆ ಎಲ್ಲ ಲೈಕೆನ್‌ಗಳೂ ಒಂದೇ ಸಮ ಸೂಕ್ಷ್ಮವಲ್ಲ. ಸಾಮಾನ್ಯವಾಗಿ ಗಡ್ಡದಂಥವು ಮೊದಲು ಮಾಯವಾಗುತ್ತವೆ, ಆಮೇಲೆ ಎಲೆಯಂಥವು. ಹಕ್ಕಳೆಯಂಥವು ಹೆಚ್ಚು ತಾಳಿಕೊಳ್ಳುತ್ತವೆ. ಹಾಗಾಗಿ ಒಂದು ಮರದಲ್ಲಿ ಹಕ್ಕಳೆ ಕಂಡಾಕ್ಷಣ ಗಾಳಿ ಪರಿಶುದ್ಧ ಎನ್ನಲಾಗದು. ಇಲ್ಲದಿದ್ದಾಕ್ಷಣ ಮಲಿನ ಎನ್ನಲೂ ಆಗದು. ಪೇರಳೆ, ನೀಲಗಿರಿ ಮರಗಳು ತೊಗಟೆಯನ್ನೇ ಕಳಚಿಹಾಕುತ್ತವೆ. ಅಲ್ಲಿ ಲೈಕೆನ್‌ಗೆ ನೆಲೆಸಲು ಸಮಯವೇ ಇಲ್ಲ. ಸುಣ್ಣ, ಕೆಮ್ಮಣ್ಣು ಬಳಿದ ಕಾಂಡದಲ್ಲೂ ಇರುವುದಿಲ್ಲ. ಹೋಲಿಸುವುದಾದರೆ ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಅಷ್ಟೇ ಬಿಸಿಲು ಬೀಳುವ ಮರಗಳನ್ನು ಹೋಲಿಸಬೇಕು.

ನೀವೇ ಮಾಡಿ ನೋಡಿ

ಬೇಕಾಗುವುದು ಕೈಮಸೂರ, ನೀರಿನ ಸ್ಪ್ರೇ ಬಾಟಲಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನೋಟ್‌ಬುಕ್. ಹಾಳೆಯ ಮೇಲೆ 10 ಸೆಂಟಿಮೀಟರ್ ಚೌಕ ಬರೆದು ಅದನ್ನು 100 ಸಣ್ಣ ಚೌಕ ಮಾಡಿ. ರಸ್ತೆ ಬದಿಯ ಐದು ಅಡಿಕೆ ಮರ, ತೋಟದ ಒಳಗಿನ ಐದು ಅಡಿಕೆ ಮರ ಆರಿಸಿ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಾಳೆ ಒತ್ತಿ ಹಿಡಿದು, ಎಷ್ಟು ಚೌಕಗಳಲ್ಲಿ ಲೈಕೆನ್ ಇದೆ, ಎಷ್ಟರಲ್ಲಿ ಕಪ್ಪು ಗೆರೆ ಇದೆ, ಎಲೆಯಂಥ ಲೈಕೆನ್ ಇದೆಯೇ ಎಂದು ಬರೆದುಕೊಳ್ಳಿ. ನೀರು ಚಿಮುಕಿಸುವ ಮೊದಲು ಮತ್ತು ನಂತರದ ಬಣ್ಣವನ್ನೂ ದಾಖಲಿಸಿ. ಮರದಿಂದ ಏನನ್ನೂ ಕೆತ್ತಿ ತರಬೇಡಿ. ಬಿದ್ದ ಕೊಂಬೆ, ಕಡಿದ ಮರದ ಚೂರು ಸಿಕ್ಕರೆ ಪ್ರಯೋಗಾಲಯಕ್ಕೆ ತನ್ನಿ, ಸೀಳಿಕೆ ತೆಗೆದು ಬೀಜಕ ನೋಡೋಣ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ. ಆ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ನಮ್ಮ ಎದುರೇ ಮಾಡಬೇಕು.

ಉತ್ತರಿಸಲು ಪ್ರಯತ್ನಿಸಿ

1. ಲಿರೆಲ್ಲ ಮತ್ತು ಬಟ್ಟಲಿನಂಥ ಅಪೋಥೀಸಿಯಂಗೆ ಇರುವ ಹೋಲಿಕೆ, ವ್ಯತ್ಯಾಸಗಳೇನು?
2. ಹಸಿರು ಪಾಚಿಯಾದರೂ ಟ್ರೆಂಟಿಪೋಲಿಯ ಕಿತ್ತಳೆ ಬಣ್ಣದಲ್ಲಿ ಕಾಣುವುದೇಕೆ?
3. ಬೀಜಕದಿಂದ ಹರಡುವ ಲೈಕೆನ್‌ಗೂ ಸೊರೀಡಿಯದಿಂದ ಹರಡುವ ಲೈಕೆನ್‌ಗೂ ಯಾವ ಲಾಭ, ಯಾವ ನಷ್ಟ ಇರಬಹುದು?
4. ಅಡಿಕೆ ಕಾಂಡದ ಗಾಯ ಮಾವಿನ ಕಾಂಡದ ಗಾಯದಂತೆ ಮುಚ್ಚಿಕೊಳ್ಳುವುದಿಲ್ಲ ಏಕೆ?
5. ನಿಮ್ಮ ಎಣಿಕೆಯಲ್ಲಿ ರಸ್ತೆ ಬದಿಗೂ ತೋಟದ ಒಳಗಿಗೂ ವ್ಯತ್ಯಾಸ ಕಂಡರೆ, ಮಾಲಿನ್ಯ ಬಿಟ್ಟು ಬೇರೆ ಯಾವ ಕಾರಣಗಳಿರಬಹುದು?

ಐದನೆಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕಬೇಡಿ. ಅದು ನಿಮ್ಮ ನೋಟ್‌ಬುಕ್ಕಿನ ಅಂಕಿಗಳಲ್ಲೇ ಸಿಗಬೇಕು. ಎಣಿಕೆ ಮಾಡಿದವರು ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಜೀವಶಾಸ್ತ್ರ ವಿಭಾಗಕ್ಕೆ ತಂದು ತೋರಿಸಿ. ಎಲ್ಲರ ಅಂಕಿಗಳನ್ನು ಸೇರಿಸಿ ಒಂದು ಕೋಷ್ಟಕ ಮಾಡಿ ವಿಭಾಗದ ಫಲಕದಲ್ಲಿ ಹಾಕುತ್ತೇವೆ.